1776 ಸಿಸಿ ಬೀಟಲ್‌ಗೆ ಇಂಜೆಕ್ಷನ್: ಈ ಮೂರರಲ್ಲಿ ಯಾವುದು?

ಚಪ್ಪಟೆನಾಲ್ಕು

ಎಲ್ಲರಿಗೂ ನಮಸ್ಕಾರ. ಗಾಡಿ 1971ರ ಫೋಕ್ಸ್‌ವ್ಯಾಗನ್ ಬೀಟಲ್. ಎಂಜಿನ್ 1776 ಸಿಸಿ (90.5 × 69), ಡ್ಯುಯಲ್ ಪೋರ್ಟ್ ಹೆಡ್ (ಪ್ರತಿ ಸಿಲಿಂಡರಿಗೂ ಬೇರೆ ಗಾಳಿದಾರಿ), ಸೌಮ್ಯ ಕ್ಯಾಮ್. ಈಗ ನಡುವೆ ಒಂದೇ 34 ಪಿಕ್ಟ್-3 ಕಾರ್ಬ್ಯುರೇಟರ್, 009 ಡಿಸ್ಟ್ರಿಬ್ಯೂಟರ್, 12 ವೋಲ್ಟಿನ 30 ಆಂಪಿಯರ್ ಡೈನಮೋ. ಎಕ್ಸಾಸ್ಟ್ ಹೀಟ್ ಎಕ್ಸ್‌ಚೇಂಜರ್ ಸಮೇತ ಮೂಲದ್ದೇ. ರೇಸ್‌ಗಲ್ಲ, ದಿನಬಳಕೆಗೆ. 85 ಹಾರ್ಸ್‌ಪವರ್ ಸಿಕ್ಕರೆ ಸಾಕು. ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು, ಬಿಸಿಯಾಗಿ ಹತ್ತು ನಿಮಿಷ ನಿಂತ ಮೇಲೂ ತಕರಾರು ಮಾಡಬಾರದು.

ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಹಾಕಲು ಮೂರು ದಾರಿ ನೋಡಿಟ್ಟಿದ್ದೇನೆ:

ಅ) ಈಗಿನ ಮ್ಯಾನಿಫೋಲ್ಡ್ ಮೇಲೆ, ಕಾರ್ಬ್ಯುರೇಟರ್ ಜಾಗದಲ್ಲೇ ಕೂರುವ 'ತಾನೇ ಕಲಿಯುವ' ಥ್ರಾಟಲ್ ಬಾಡಿ. ಇಸಿಯು (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ಅದರೊಳಗೇ ಇದೆ.
ಆ) ಇಂಜೆಕ್ಟರ್ ಕೂರುವ ಎಂಡ್ ಕಾಸ್ಟಿಂಗ್ (ಮ್ಯಾನಿಫೋಲ್ಡ್ ಹೆಡ್ಡಿಗೆ ಸೇರುವ ತುದಿ), ನಡುವೆ ಪ್ಲೀನಮ್ (ಗಾಳಿ ಹಂಚುವ ಡಬ್ಬಿ), ಒಂದು ಥ್ರಾಟಲ್, ಬೇರೆ ಇಸಿಯು.
ಇ) ವೆಬರ್ ಐಡಿಎಫ್ ಕಾರ್ಬ್ಯುರೇಟರ್ ಆಕಾರದ ಜೋಡಿ ಥ್ರಾಟಲ್ ಬಾಡಿ, ಪ್ರತಿ ಸಿಲಿಂಡರ್‌ಗೂ ಒಂದು ಗಂಟಲು.

ಅ ಸುಲಭ ಅನ್ನಿಸುತ್ತಿದೆ. ತಿಳಿದವರು ಹೇಳಿ.

---

ಮೂರನೇಸಿಲಿಂಡರ್

ಅ ಸುಲಭವಾಗಿ ಕಾಣುವುದು ಡಬ್ಬಿ ಬಿಚ್ಚುವ ತನಕ ಮಾತ್ರ. ಯಾವ ಕಂಪನಿಯ ಇಸಿಯು ಅನ್ನುವುದನ್ನು ಪಕ್ಕಕ್ಕಿಡಿ. ಮೊದಲು ನೋಡಬೇಕಾದ್ದು ಪೆಟ್ರೋಲ್ ಎಲ್ಲಿ ಬೀಳುತ್ತೆ ಅನ್ನುವುದನ್ನು.

ತಲೆಯ ಮೇಲಿನ ಥ್ರಾಟಲ್ ಬಾಡಿಯಿಂದ ಸಿಂಪಡಿಸಿದ ಪೆಟ್ರೋಲ್ ಮೊದಲು ಕೆಳಗಿಳಿಯಬೇಕು, ಆಮೇಲೆ ಎಡಕ್ಕೂ ಬಲಕ್ಕೂ ಉದ್ದದ ಕಬ್ಬಿಣದ ಪೈಪಿನಲ್ಲಿ ಅಡ್ಡಡ್ಡ ಹೋಗಬೇಕು. ಬೀಟಲ್ ಮ್ಯಾನಿಫೋಲ್ಡ್‌ಗೆ ಬಿಸಿನೀರಿನ ಜಾಕೆಟ್ ಇಲ್ಲ. ಅದನ್ನು ಬಿಸಿ ಮಾಡುವುದು ಎಕ್ಸಾಸ್ಟ್ ಹೊಗೆ ಹಾಯುವ ಸಣ್ಣ ಹೀಟ್ ರೈಸರ್ ಪೈಪ್ ಒಂದೇ. ಎಷ್ಟೋ ಗಾಡಿಗಳಲ್ಲಿ ಆ ಪೈಪ್ ಮಸಿ ಕಟ್ಟಿ ಮುಚ್ಚಿಹೋಗಿರುತ್ತೆ. ತಣ್ಣನೆಯ ಪೈಪಿನ ಗೋಡೆಗೆ ಪೆಟ್ರೋಲ್ ಅಂಟಿ ಹನಿಯಾಗುತ್ತೆ. ಆಕ್ಸಿಲರೇಟರ್ ಒತ್ತಿದಾಗ ಮೊದಲು ಗಾಳಿ ಹೋಗುತ್ತೆ, ಪೆಟ್ರೋಲ್ ಹಿಂದಿನಿಂದ ತೆವಳಿಕೊಂಡು ಬರುತ್ತೆ. ಕಾರ್ಬ್ಯುರೇಟರ್‌ನಲ್ಲಿ ನಿಮಗಿರುವ ಮುಗ್ಗರಿಕೆ ಇದೇ ತಾನೆ? ಅದನ್ನೇ ಈಗ ಎಲೆಕ್ಟ್ರಾನಿಕ್ ಆಗಿ ಅನುಭವಿಸಬಹುದು.

ತೇವದ ಚಳಿಗಾಲದಲ್ಲಿ ಥ್ರಾಟಲ್ ತಟ್ಟೆಯ ಕೆಳಗೆ ಮಂಜುಗಡ್ಡೆ ಕಟ್ಟುವುದೂ ತಪ್ಪಲ್ಲ, ಪೆಟ್ರೋಲ್ ಆವಿಯಾಗುವುದು ಅಲ್ಲೇ ಅಲ್ಲವೆ.

ಇಂಜೆಕ್ಟರ್ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಸಿಂಪಡಿಸುವಂತಿದ್ದರೆ ಈ ತಾಪತ್ರಯವೇ ಇಲ್ಲ, ಉದ್ದದ ಪೈಪಿನಲ್ಲಿ ಬರೀ ಗಾಳಿ ಓಡಾಡುತ್ತೆ. ಕಾರ್ಖಾನೆಯವರೂ ಈ ಎಂಜಿನ್‌ಗೆ ಮಾಡಿದ್ದು ಇದನ್ನೇ. 1968ರ ಮಾದರಿಯ ಟೈಪ್ 3ಕ್ಕೆ (ಇದೇ ಎಂಜಿನ್ನಿನ ಇನ್ನೊಂದು ಫೋಕ್ಸ್‌ವ್ಯಾಗನ್) ಬಾಷ್ ಡಿ-ಜೆಟ್ರಾನಿಕ್ ಇಂಜೆಕ್ಷನ್ ಕೊಟ್ಟಾಗಲೂ, 1975ರಲ್ಲಿ ಅಮೆರಿಕದ ಬೀಟಲ್‌ಗೆ ಎಲ್-ಜೆಟ್ರಾನಿಕ್ ಬಗೆಯದು ಬಂದಾಗಲೂ, ಕೊನೆಗೆ ಮೆಕ್ಸಿಕೋದ 1600ಐಗೆ ಡಿಜಿಫ್ಯಾಂಟ್ ಹಾಕಿದಾಗಲೂ ಇಂಜೆಕ್ಟರ್ ಇದ್ದದ್ದು ಹೆಡ್ಡಿನ ಪಕ್ಕ. ನನ್ನ ಮತ 'ಆ' ದಾರಿಗೆ.

---

ಹಳೇಜೆಟ್

ಯಾರೂ ಹೇಳದ ನಾಲ್ಕನೇ ದಾರಿ ನಾನು ಹೇಳುತ್ತೇನೆ. 009ರಲ್ಲಿ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ ಹೊರೆ ನೋಡಿ ಕಿಡಿಯ ಸಮಯ ಬದಲಿಸುವ ಏರ್ಪಾಡು) ಇಲ್ಲ, ಬರೀ ವೇಗ ನೋಡಿ ಕಿಡಿ ಬೇಗ ಹಾರುವಂತೆ ಮಾಡುತ್ತೆ. 34 ಪಿಕ್ಟ್-3 ಜೊತೆ ಅದನ್ನು ಹಾಕಿದರೆ ಕಾಲಿಟ್ಟ ಕೂಡಲೇ ಮುಗ್ಗರಿಸುವುದು ಊರಿಗೆಲ್ಲ ಗೊತ್ತಿರುವ ಕಾಯಿಲೆ. ವ್ಯಾಕ್ಯೂಮ್ ಇರುವ ಡಿಸ್ಟ್ರಿಬ್ಯೂಟರ್ ಹಾಕಿ, ಹೀಟ್ ರೈಸರ್ ಕೊರೆದು ಸ್ವಚ್ಛ ಮಾಡಿ, ಮ್ಯಾನಿಫೋಲ್ಡಿನ ರಬ್ಬರ್ ಬೂಟ್ ಹೊಸದು ಮಾಡಿ. ಒಂದು ಭಾನುವಾರದ ಕೆಲಸ. ಅರ್ಧ ದೂರು ಹೋಗುತ್ತೆ. ಮಿಕ್ಕ ಅರ್ಧಕ್ಕೆ ಆಮೇಲೆ ಇಂಜೆಕ್ಷನ್ ಯೋಚಿಸಿ.

---

ಚಪ್ಪಟೆನಾಲ್ಕು

ಹಳೇಜೆಟ್ ಅವರೇ, ಒಪ್ಪಿದೆ, ಆದರೆ ಇಂಜೆಕ್ಷನ್ ಹಾಕುವುದು ತೀರ್ಮಾನ ಆಗಿದೆ. ಎರಡು ಸಂಶಯ. ತಾನೇ ಕಲಿಯುತ್ತೆ ಅಂದಮೇಲೆ ಮೂರನೇಸಿಲಿಂಡರ್ ಹೇಳಿದ ಹನಿ ಕಟ್ಟುವ ತೊಂದರೆಯನ್ನೂ ಅದೇ ಸರಿಮಾಡಿಕೊಳ್ಳುವುದಿಲ್ಲವೆ? ಇನ್ನೊಂದು, ಸಿಂಗಲ್ ಪೋರ್ಟ್ ಹೆಡ್‌ಗೂ (ಎರಡು ಸಿಲಿಂಡರಿಗೆ ಒಂದೇ ಗಾಳಿದಾರಿ) 'ಆ' ದಾರಿ ನಡೆಯುತ್ತಾ? ಗೆಳೆಯರೊಬ್ಬರ ಗಾಡಿಗಾಗಿ ಕೇಳುತ್ತಿದ್ದೇನೆ.

---

ಲ್ಯಾಂಬ್ಡಾಒಂದು

ಕಲಿಯುವುದು ಎಕ್ಸಾಸ್ಟಿನಲ್ಲಿರುವ ಆಕ್ಸಿಜನ್ ನೋಡಿ. ಅಲ್ಲಿ ಕಾಣುವುದು ಸುಳ್ಳಾದರೆ ಕಲಿಯುವುದೂ ಸುಳ್ಳು.

ನಿಮ್ಮ ಎಕ್ಸಾಸ್ಟ್ ಮೂಲದ್ದು ಅಂದಿರಿ. ಅದರಲ್ಲಿ 2 ಮತ್ತು 4ನೇ ಸಿಲಿಂಡರ್ ನೇರ ಮಫ್ಲರ್‌ಗೆ ಹೋಗುತ್ತವೆ. 1 ಮತ್ತು 3 ಹೀಟ್ ಎಕ್ಸ್‌ಚೇಂಜರ್ ಸುತ್ತಿಕೊಂಡು ಬಂದು, ಒಂದರೊಳಗೊಂದು ತೂರಿಸಿ ಕ್ಲ್ಯಾಂಪ್ ಹಾಕುವ ಜಾಯಿಂಟ್ ದಾಟಿ ಮಫ್ಲರ್ ಸೇರುತ್ತವೆ. ಆ ಜಾಯಿಂಟ್ ಹೊಗೆಯನ್ನು ಹೊರಗೆ ಬಿಡುವಷ್ಟೇ ಅಲ್ಲ, ಎರಡು ಮಿಡಿತಗಳ ನಡುವೆ ಹೊರಗಿನ ಗಾಳಿಯನ್ನು ಒಳಗೂ ಎಳೆಯುತ್ತೆ. ಸೆನ್ಸರ್ ಅದನ್ನು ಲೀನ್ (ಪೆಟ್ರೋಲ್ ಕಡಿಮೆ) ಅಂತ ಓದುತ್ತೆ, ಇಸಿಯು ಪೆಟ್ರೋಲ್ ಸುರಿಯುತ್ತೆ. ಪ್ಲಗ್ ಕಪ್ಪಾಗಿ ಮಿಸ್ಸಿಂಗ್ ಶುರುವಾಗುತ್ತೆ. ಮಿಸ್ ಆದ ಸಿಲಿಂಡರಿನ ಸುಡದ ಆಕ್ಸಿಜನ್ ಮತ್ತೆ ಸೆನ್ಸರ್‌ಗೆ ಹೋಗುತ್ತೆ, ಅದು ಮತ್ತೆ ಲೀನ್ ಅನ್ನುತ್ತೆ. ಸಂಜೆಯೊಳಗೆ ಗಾಡಿ ಪಾಠ ಪೂರ್ತಿ ಕಲಿತಿರುತ್ತೆ, ತಪ್ಪು ಪಾಠವನ್ನು.

ಹನಿ ಕಟ್ಟುವುದು ಕ್ಷಣದ ವಿಷಯ. ಕಲಿಕೆ ನಡೆಯುವುದು ಸ್ಥಿರವಾಗಿ ಓಡುವಾಗ. ಅದು ಇದನ್ನು ಸರಿಮಾಡಲಾರದು.

ಯಾವ ದಾರಿ ಹಿಡಿದರೂ ಸರಿ, ವೈಡ್‌ಬ್ಯಾಂಡ್ ಸೆನ್ಸರ್ (ಬಾಷ್ ಎಲ್‌ಎಸ್‌ಯು 4.9 ಸಾಕು) ನಾಲ್ಕೂ ಸಿಲಿಂಡರಿನ ಹೊಗೆ ಸೇರುವಲ್ಲಿ ಇರಲಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಲಿ. ಇಲ್ಲದಿದ್ದರೆ ನೀರು ನಿಂತು ಒಳಗಿನ ಸೆರಾಮಿಕ್ ಸೀಳುತ್ತೆ. ಬಾಲದ ತುದಿಗೆ ಹತ್ತಿರ ಹಾಕಿದರೆ ಐಡ್ಲಿಂಗ್‌ನಲ್ಲಿ ಹೊರಗಾಳಿ ಹಿಂದಕ್ಕೆ ನುಗ್ಗಿ ಸುಳ್ಳು ಲೀನ್ ತೋರಿಸುತ್ತೆ. ನಿಮಗೆ ಮಫ್ಲರ್ ಮೈಯಲ್ಲೇ ಬಂಗ್ (ಸೆನ್ಸರ್ ಕೂರುವ ಮೂತಿ) ಬೆಸೆಯುವುದು, ಇಲ್ಲವೆ ನಾಲ್ಕು ಸೇರಿ ಒಂದಾಗುವ ಹೆಡರ್, ಇವೆರಡೇ ಆಯ್ಕೆ. ಸೆನ್ಸರ್ ಕೂರಿಸಿ ಹೀಟರ್‌ಗೆ ಕರೆಂಟ್ ಕೊಡದೆ ಗಾಡಿ ಓಡಿಸಬೇಡಿ, ಮಸಿ ಹಿಡಿದು ಸಾಯುತ್ತೆ.

---

ಮೂರನೇಸಿಲಿಂಡರ್

ಸಿಂಗಲ್ ಪೋರ್ಟ್ ಬಗ್ಗೆ: ಬೇಡ ಅನ್ನುತ್ತೇನೆ. ಫೈರಿಂಗ್ ಆರ್ಡರ್ 1-4-3-2. ಬಲಗಡೆ 2 ಆದ ಕೂಡಲೇ 1, ಎಡಗಡೆ 4 ಆದ ಕೂಡಲೇ 3. ಒಂದೇ ಪೋರ್ಟಿನಿಂದ ಎರಡು ಸಿಲಿಂಡರ್ 180 ಡಿಗ್ರಿ ಅಂತರದಲ್ಲಿ ಬೆನ್ನುಬೆನ್ನಿಗೆ ಎಳೆಯುತ್ತವೆ, ಆಮೇಲೆ 540 ಡಿಗ್ರಿ ಬಿಡುವು. ಆ ಬಿಡುವಿನಲ್ಲಿ ಪೋರ್ಟಿಗೆ ಬಿದ್ದ ಪೆಟ್ರೋಲನ್ನು ಮೊದಲು ಎಳೆಯುವ 2 ಮತ್ತು 4 ಹೆಚ್ಚು ನುಂಗುತ್ತವೆ. 1 ಮತ್ತು 3 ಲೀನ್. ಹಳೆ ಶ್ರೌಡ್‌ನಲ್ಲಿ (ಫ್ಯಾನ್ ಗಾಳಿ ಹಂಚುವ ತಗಡಿನ ಹೊದಿಕೆ) ಆಯಿಲ್ ಕೂಲರ್ ಅಡ್ಡ ಬಂದು ಮೊದಲೇ ಕಾಯುವುದು ಯಾವುದು? ಅದೇ 3. ಡ್ಯುಯಲ್ ಪೋರ್ಟ್ ಹೆಡ್ ಹಾಕಿಸಿ, ಆಮೇಲೆ ಇಂಜೆಕ್ಷನ್.

---

ತಾಮ್ರತಂತಿ

ಎಲ್ಲರೂ ಗಾಳಿ-ಪೆಟ್ರೋಲ್ ಬಗ್ಗೆಯೇ ಬರೆದಿದ್ದೀರಿ. 30 ಆಂಪಿಯರ್ ಡೈನಮೋ ಅಂದಿದ್ದಾರಲ್ಲ, ಅದನ್ನು ಯಾರೂ ನೋಡಲಿಲ್ಲವೆ?

ಲೆಕ್ಕ ಹಾಕಿ. 3 ಬಾರ್ ಒತ್ತಡದ ಪಂಪ್ 4ರಿಂದ 6 ಆಂಪಿಯರ್. ವೈಡ್‌ಬ್ಯಾಂಡ್ ಹೀಟರ್ 1ರಿಂದ 2. ಕಾಯಿಲ್, ಇಂಜೆಕ್ಟರ್, ಇಸಿಯು, ರಿಲೇ ಎಲ್ಲ ಸೇರಿ ಇನ್ನೊಂದು 5ರಿಂದ 6. ಒಟ್ಟು 10ರಿಂದ 14. ಅದರ ಮೇಲೆ ಹೆಡ್‌ಲೈಟ್‌ಗೆ ಸುಮಾರು 9, ಮಳೆ ಬಂದರೆ ವೈಪರ್. ಡೈನಮೋ ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಏನೂ ಕೊಡುವುದಿಲ್ಲ, ಕೆಂಪು ದೀಪ ಮಿಣುಕುವುದು ಅದಕ್ಕೇ. ಸಿಗ್ನಲ್‌ನಲ್ಲಿ ರಾತ್ರಿ ನಿಂತರೆ ಎಲ್ಲ ಬ್ಯಾಟರಿಯಿಂದಲೇ.

ಬ್ಯಾಟರಿ ಇಳಿಯುವುದು ಒಂದು ಕಡೆಯಾದರೆ ಮಿಕ್ಸ್ಚರ್ ಕೆಡುವುದು ಇನ್ನೊಂದು ಕಡೆ. ಇಂಜೆಕ್ಟರ್‌ಗೆ ಕರೆಂಟ್ ಕೊಟ್ಟ ಕ್ಷಣಕ್ಕೇ ಅದು ತೆರೆಯುವುದಿಲ್ಲ, ಒಂದಿಷ್ಟು ಸತ್ತ ಸಮಯ ಇರುತ್ತೆ. ಉದಾಹರಣೆಗೆ 14 ವೋಲ್ಟಿನಲ್ಲಿ 1.0 ಮಿಲಿಸೆಕೆಂಡ್, 12ರಲ್ಲಿ 1.3 ಅಂದುಕೊಳ್ಳಿ. ಐಡ್ಲಿಂಗ್‌ನಲ್ಲಿ ನಿಜವಾಗಿ ಪೆಟ್ರೋಲ್ ಬೀಳಬೇಕಾದ ಸಮಯ 1.9 ಇದ್ದರೆ, ವೋಲ್ಟೇಜ್ ಬಿದ್ದಾಗ 1.6 ಮಾತ್ರ ಸಿಗುತ್ತೆ. ಶೇ. 16ರಷ್ಟು ಲೀನ್. ಹೆಡ್‌ಲೈಟ್ ಹಾಕಿದ ಕೂಡಲೇ ಎಂಜಿನ್ ನಡುಗಿ ಆಫ್ ಆಗುವ ಗಾಡಿಗಳ ಕಥೆ ಇದು. ಇಸಿಯು ಒಳಗೆ ವೋಲ್ಟೇಜಿಗೆ ತಕ್ಕ ತಿದ್ದುಪಡಿಯ ಕೋಷ್ಟಕ ಇರುತ್ತೆ, ನಿಮ್ಮ ಇಂಜೆಕ್ಟರಿನ ಅಂಕಿಗಳನ್ನೇ ಅದಕ್ಕೆ ತುಂಬಬೇಕು. ಊಹೆ ಬೇಡ.

ಆದ್ದರಿಂದ 55 ಆಂಪಿಯರ್ ಆಲ್ಟರ್ನೇಟರ್ ಹೆಚ್ಚುವರಿ ಅಲ್ಲ, ಕಿಟ್‌ನ ಭಾಗ ಅಂತಲೇ ಲೆಕ್ಕ ಹಿಡಿಯಿರಿ. ಕೂಲಿಂಗ್ ಫ್ಯಾನ್ ಡೈನಮೋ ಶಾಫ್ಟಿನ ಮೇಲೇ ಇರುವುದರಿಂದ ಇದು ಎರಡು ಬೋಲ್ಟಿನ ಕೆಲಸವಲ್ಲ: ಸ್ಟ್ಯಾಂಡ್, ಹಿಂಬದಿಯ ತಟ್ಟೆ ಎರಡೂ ಬದಲಾಗುತ್ತವೆ. ಫ್ಯಾನ್ ಶ್ರೌಡ್‌ಗೆ ಎಲ್ಲೂ ತಾಗದೆ ತಿರುಗುತ್ತಾ ಅಂತ ಕೈಯಿಂದ ತಿರುಗಿಸಿ ನೋಡಿ.

ಅರ್ಥಿಂಗ್: ಗೇರ್‌ಬಾಕ್ಸ್ ಮೂತಿಯಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಮೊದಲು ಹೊಸದು ಹಾಕಿ. ಎಂಜಿನ್, ಗೇರ್‌ಬಾಕ್ಸ್ ರಬ್ಬರ್ ಮೇಲೆ ಕೂತಿವೆ, ಅರ್ಥ್‌ಗೆ ಇರುವ ದೊಡ್ಡ ದಾರಿ ಅದೊಂದೇ. ಇಸಿಯುನ ಪವರ್ ಅರ್ಥ್ ಎಂಜಿನ್ ಕೇಸಿನ ಒಂದೇ ಬೋಲ್ಟಿಗೆ. ಸೆನ್ಸರ್‌ಗಳ ಅರ್ಥ್ ಇಸಿಯುಗೇ ವಾಪಸ್, ಬಾಡಿಗೆ ಅಲ್ಲ.

---

ಪೈಪ್‌ಲೈನ್

ಪೆಟ್ರೋಲ್ ಕಡೆ ನನ್ನ ಪಾಲು.

85 ಹಾರ್ಸ್‌ಪವರ್‌ಗೆ ಪೂರ್ತಿ ಕಾಲಿಟ್ಟಾಗ ಗಂಟೆಗೆ ಸುಮಾರು 30 ಲೀಟರ್ ಬೇಕು. 80ರಿಂದ 120 ಲೀಟರ್ ಪಂಪ್ ಧಾರಾಳ. 'ಇರಲಿ' ಅಂತ 255 ಲೀಟರ್ ಪಂಪ್ ಹಾಕುವವರು ಹೆಚ್ಚು. ಬೀಟಲ್ ಟ್ಯಾಂಕ್ ಸುಮಾರು 40 ಲೀಟರ್. ಆ ಪಂಪ್ ಹತ್ತು ನಿಮಿಷಕ್ಕೊಮ್ಮೆ ಇಡೀ ಟ್ಯಾಂಕನ್ನು ಬಿಸಿ ಎಂಜಿನ್ ಪಕ್ಕಕ್ಕೆ ಕರೆದೊಯ್ದು ತರುತ್ತೆ. ಅರ್ಧ ಟ್ಯಾಂಕ್ ಇದ್ದಾಗ ಐದೇ ನಿಮಿಷ. ಪೆಟ್ರೋಲ್ ಕಾದು ಗುಳ್ಳೆ ಏಳುತ್ತೆ, ಪಂಪ್ ಕೂಗಲು ಶುರುಮಾಡುತ್ತೆ. ಮೇಲಿಂದ ಕರೆಂಟ್ ಖರ್ಚು ಬೇರೆ.

ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಬಡವ. ಟ್ಯಾಂಕ್ ಮುಂದಿದೆ, ಪಂಪೂ ಮುಂದೆ, ಟ್ಯಾಂಕಿಗಿಂತ ಕೆಳಗೆ, ಚಾಸಿಯ ಮುಂತುದಿ (ಫ್ರೇಮ್ ಹೆಡ್) ಹತ್ತಿರ. ಎಂಜಿನ್ ಕೋಣೆಯಲ್ಲಿ ಖಂಡಿತ ಬೇಡ. ಪಂಪಿಗೆ ಮೊದಲು 100 ಮೈಕ್ರಾನ್, ಆಮೇಲೆ 10 ಮೈಕ್ರಾನ್ ಫಿಲ್ಟರ್. ಅದಲುಬದಲು ಮಾಡಿದರೆ ಪಂಪ್ ಉಸಿರುಕಟ್ಟಿ ಸಾಯುತ್ತೆ.

ವಾಪಸ್ ಲೈನ್: ನಿಮ್ಮ ಟ್ಯಾಂಕಿಗೆ ಅದು ಇಲ್ಲ. ರೆಗ್ಯುಲೇಟರನ್ನು ಮುಂದೆಯೇ ಇಟ್ಟು, ಅಲ್ಲಿಂದ ಟ್ಯಾಂಕಿಗೆ ಗೇಣುದ್ದದ ವಾಪಸ್ ಪೈಪ್ ಕೊಟ್ಟು, ಹಿಂದಕ್ಕೆ ಒಂದೇ ಪೈಪ್ ಒಯ್ಯಬಹುದು. ಸುಲಭ, ಆದರೆ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಪೆಟ್ರೋಲ್ ನಿಂತೇ ಇರುತ್ತೆ. ಏರ್‌ಕೂಲ್ಡ್ ಎಂಜಿನ್ ಆಫ್ ಮಾಡಿದ ಮೇಲೆ ಫ್ಯಾನೂ ನಿಂತು ಕೋಣೆಯ ಶಾಖ ಏರುತ್ತಾ ಹೋಗುತ್ತೆ. ಹತ್ತು ನಿಮಿಷದ ನಂತರ ಸ್ಟಾರ್ಟ್ ಮಾಡಿದರೆ ರೈಲಿನಲ್ಲಿರುವುದು ಅರ್ಧ ಆವಿ. ನೀವು ಬೇಡ ಅಂದದ್ದು ಇದನ್ನೇ. ಹಾಗಾಗಿ ಪೂರ್ತಿ ಸುತ್ತು: ಮುಂದಿನಿಂದ ಹಿಂದಕ್ಕೆ ಒಂದು ಪೈಪ್, ರೈಲು, ರೆಗ್ಯುಲೇಟರ್, ಅಲ್ಲಿಂದ ಟ್ಯಾಂಕಿಗೆ ಇನ್ನೊಂದು. ಕೀ ಹಾಕಿ ಎರಡು ಸೆಕೆಂಡ್ ಪಂಪ್ ಓಡಿದರೆ ಆವಿ ಟ್ಯಾಂಕಿಗೆ ಹೊರಟುಹೋಗುತ್ತೆ.

ಟ್ಯಾಂಕಿಗೆ ಫಿಟ್ಟಿಂಗ್ ಬೆಸೆಯುವುದು ಮನೆಗೆಲಸ ಅಲ್ಲ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ. ತೊಳೆದು, ಆವಿ ಪೂರ್ತಿ ಹೊರದೂಡಿ ಮಾಡುವ ರೇಡಿಯೇಟರ್-ಟ್ಯಾಂಕ್ ಕೆಲಸದವರಿಗೇ ಕೊಡಿ. ವಾಪಸ್ ಬರುವ ಪೆಟ್ರೋಲ್ ಹೊರಹೋಗುವ ಬಾಯಿಯ ಪಕ್ಕ ಬೀಳಬಾರದು, ನೊರೆಯನ್ನೇ ಪಂಪ್ ಎಳೆಯುತ್ತೆ.

ಹೋಸ್: ಎಸ್‌ಎಇ 30ಆರ್9, ಇಲ್ಲವೆ ಅದಕ್ಕಿಂತ ಮೇಲಿನದು. ಆರ್7 ಕಾರ್ಬ್ಯುರೇಟರಿಗೆ ಮಾತ್ರ. ಮೇಲೆ ಬಟ್ಟೆ ಹೆಣೆದ ಹಳೆ ಹೋಸ್ ಕಿತ್ತು ಬಿಸಾಡಿ, ಬಟ್ಟೆಯ ಒಳಗೆ ರಬ್ಬರ್ ಬಿರುಕು ಬಿಟ್ಟದ್ದು ಹೊರಗೆ ಕಾಣುವುದೇ ಇಲ್ಲ. ಪಟ್ಟಿಯಲ್ಲಿ ಸೀಳು ಇರುವ ಜುಬಿಲಿ ಕ್ಲಿಪ್ ಬದಲು ಅಂಚು ಮಡಚಿದ ಇಂಜೆಕ್ಷನ್ ಕ್ಲ್ಯಾಂಪ್. ಕಾರ್ಬ್ಯುರೇಟರ್ ಪಂಪಿನ 3-4 ಪಿಎಸ್ಐಯಲ್ಲಿ ಸೋರಿದರೆ ಹನಿ, 43 ಪಿಎಸ್ಐಯಲ್ಲಿ (3 ಬಾರ್) ಸೋರಿದರೆ ಬಿಸಿ ಎಕ್ಸಾಸ್ಟ್ ಮೇಲೆ ಮಂಜಿನಂತೆ ಸಿಂಪಡಣೆ. ಪಂಪ್ ರಿಲೇಯ ದಾರಿಯಲ್ಲಿ ಒಂದು ಇನರ್ಶಿಯಾ ಸ್ವಿಚ್ (ಗಾಡಿ ಗುದ್ದಿದಾಗ ಕರೆಂಟ್ ಕಡಿಯುವುದು) ಇರಲೇಬೇಕು.

---

ಚಪ್ಪಟೆನಾಲ್ಕು

ಅ ಕೈಬಿಟ್ಟೆ. ಎಂಡ್ ಕಾಸ್ಟಿಂಗ್ ಜೊತೆ ನಿಮಿಷಕ್ಕೆ 440 ಸಿಸಿಯ ಇಂಜೆಕ್ಟರ್ ಸೆಟ್ ಸಿಗುತ್ತಿದೆ. ಮುಂದೆ ಎಂಜಿನ್ ದೊಡ್ಡದು ಮಾಡಿದರೂ ಆಗುತ್ತೆ ಅಂತಾರೆ. ತೆಗೆದುಕೊಳ್ಳಲೇ?

---

ಲ್ಯಾಂಬ್ಡಾಒಂದು

ಬೇಡ. ಒಂದು ಹಾರ್ಸ್‌ಪವರ್‌ಗೆ ನಿಮಿಷಕ್ಕೆ ಸುಮಾರು 5.8 ಸಿಸಿ ಪೆಟ್ರೋಲ್ (ಏರ್‌ಕೂಲ್ಡ್ ಆದ್ದರಿಂದ ಸ್ವಲ್ಪ ರಿಚ್, ಅಂದರೆ ಪೆಟ್ರೋಲ್ ಹೆಚ್ಚು ಹಿಡಿದು). 85 × 5.8 = 493. ನಾಲ್ಕರಿಂದ ಭಾಗಿಸಿದರೆ 123. ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ತೆರೆದಿರಬಾರದು, ಹಾಗಾಗಿ 154. 3 ಬಾರ್‌ನಲ್ಲಿ 180ರಿಂದ 200 ಸಿಸಿ ನಿಮ್ಮದು.

ಈಗ ಐಡ್ಲಿಂಗ್. 180 ಸಿಸಿಯಲ್ಲಿ ಒಂದು ಸಿಲಿಂಡರಿಗೆ ಪೂರ್ಣ ಗಾಳಿಗೆ ಬೇಕಾದ ಸಮಯ ಸುಮಾರು 16 ಮಿಲಿಸೆಕೆಂಡ್. ಮ್ಯಾನಿಫೋಲ್ಡ್ ಒತ್ತಡ 45 ಕಿಲೋಪಾಸ್ಕಲ್, ವಿಇ (ಸಿಲಿಂಡರ್ ತುಂಬುವ ಪ್ರಮಾಣ) ಶೇ. 53 ಅಂದುಕೊಂಡರೆ ಐಡ್ಲಿಂಗ್‌ನಲ್ಲಿ 3.8. ಎರಡು ಕಂತಾಗಿ ಸಿಂಪಡಿಸುವ ಇಸಿಯು ಆದರೆ ಕಂತಿಗೆ 1.9. ತಾಮ್ರತಂತಿ ಹೇಳಿದ ಅಂಕಿ ಬಂದದ್ದು ಅಲ್ಲಿಂದಲೇ ಇರಬೇಕು. 440ರಲ್ಲಿ ಅದೇ ಕಂತು 0.78ಕ್ಕೆ ಇಳಿಯುತ್ತೆ. ಈಗ ವೋಲ್ಟೇಜ್ ಬಿದ್ದು 0.3 ಹೋದರೆ ಶೇ. 16 ಅಲ್ಲ, ಶೇ. 38 ಲೀನ್. ಅಷ್ಟು ಸಣ್ಣ ಸಮಯದಲ್ಲಿ ಎಷ್ಟೋ ಇಂಜೆಕ್ಟರ್‌ಗಳು ಒಂದೊಂದು ಸಲ ಒಂದೊಂದು ಅಳತೆ ಕೊಡುತ್ತವೆ.

ಮಲ್ಟಿಮೀಟರ್ ಹಿಡಿದು ಇಂಜೆಕ್ಟರ್ ಕಾಲುಗಳ ನಡುವಿನ ರೆಸಿಸ್ಟೆನ್ಸ್ ನೋಡಿ. 12ರಿಂದ 16 ಓಮ್ ಇರಬೇಕು. ಹಳೆ ಎಲ್-ಜೆಟ್ರಾನಿಕ್ ಇಂಜೆಕ್ಟರ್‌ಗಳು 2-3 ಓಮ್, ಅವಕ್ಕೆ ಸಾಲಿನಲ್ಲಿ ರೆಸಿಸ್ಟರ್ ಬೇಕು. ನೇರ ಕೊಟ್ಟರೆ ಇಸಿಯು ಡ್ರೈವರ್ ಸುಟ್ಟುಹೋಗುತ್ತೆ.

---

ಜೋಡಿಗಂಟಲು

'ಇ' ದಾರಿ ಬಗ್ಗೆ ಯಾರೂ ಒಳ್ಳೆ ಮಾತಾಡಲಿಲ್ಲ. ಪಿಕಪ್ ನೋಡಿದರೆ ಜೋಡಿ ಥ್ರಾಟಲ್ ಬಾಡಿಗೆ ಪ್ಲೀನಮ್ ಸಾಟಿಯಿಲ್ಲ. ಕಾಲಿಗೂ ಎಂಜಿನ್‌ಗೂ ನಡುವೆ ಏನೂ ಇರುವುದಿಲ್ಲ. ನೋಟವೂ ಹಳೆ ಗಾಡಿಗೆ ಒಪ್ಪುತ್ತೆ.

---

ಮೂರನೇಸಿಲಿಂಡರ್

ಒಪ್ಪಿದೆ, ಆದರೆ ದಿನಬಳಕೆಗೆ ಅದರ ಉಪಚಾರ ಜಾಸ್ತಿ. ಏರ್‌ಕೂಲ್ಡ್ ಚಪ್ಪಟೆ ಎಂಜಿನ್ ಬಿಸಿಯಾದಾಗ ಅಗಲಕ್ಕೆ ಬೆಳೆಯುತ್ತೆ: ಕೇಸು, ಎರಡೂ ಕಡೆಯ ಸಿಲಿಂಡರ್, ಹೆಡ್ ಎಲ್ಲ. ಎರಡು ಥ್ರಾಟಲ್ ಬಾಡಿಗಳ ನಡುವಿನ ದೂರ ಹೆಚ್ಚುತ್ತೆ, ನಡುವಿನ ಲಿಂಕೇಜ್ ಸರಳು ಅಷ್ಟು ಬೆಳೆಯುವುದಿಲ್ಲ. ತಣ್ಣಗಿದ್ದಾಗ ಸಮ ಮಾಡಿದ ಎರಡು ಕಡೆ ಬಿಸಿಯಲ್ಲಿ ಬೇರೆಯಾಗುತ್ತವೆ, ಐಡ್ಲಿಂಗ್ 850 ಇದ್ದದ್ದು 1200 ತೋರಿಸುತ್ತೆ. ಸಿಂಕ್ ಮಾಡುವುದಾದರೆ ಇಪ್ಪತ್ತು ನಿಮಿಷ ಓಡಿಸಿ, ಪೂರ್ತಿ ಬಿಸಿಯಲ್ಲೇ, ಗಾಳಿಮಾಪಕ ಇಟ್ಟು ಮಾಡಿ. ಸರಳಿನ ತುದಿಯ ಕೀಲುಗಳಲ್ಲಿ ಸಡಿಲ ಇರಬಾರದು.

ಇನ್ನು ಮ್ಯಾಪ್ (ಮ್ಯಾನಿಫೋಲ್ಡ್ ಒತ್ತಡದ) ಸಿಗ್ನಲ್. ಒಂದೇ ಗಂಟಲಿನಿಂದ ತೆಗೆದರೆ ಮುಳ್ಳು ಕುಣಿಯುತ್ತೆ. ನಾಲ್ಕರಿಂದಲೂ 3-4 ಮಿ.ಮೀ. ಹೋಸ್ ತಂದು ಸಣ್ಣ ಡಬ್ಬಿಗೆ ಸೇರಿಸಿ, ಅಲ್ಲಿಂದ ಸೆನ್ಸರ್‌ಗೆ. ಆಗಲೂ ಸ್ವಲ್ಪ ಕಾಲಿಟ್ಟ ಕೂಡಲೇ ಒತ್ತಡ ಹೊರಗಿನದಕ್ಕೆ ಸಮನಾಗಿಬಿಡುತ್ತೆ, ಅಲ್ಲಿಂದ ಮೇಲೆ ಥ್ರಾಟಲ್ ಕೋನ ನೋಡಿಯೇ ಪೆಟ್ರೋಲ್ ನಿರ್ಧರಿಸಬೇಕು. ಎರಡನ್ನೂ ಬೆರೆಸುವ ಐಟಿಬಿ (ಬಿಡಿ ಥ್ರಾಟಲ್) ಮೋಡ್ ಇರುವ ಇಸಿಯು ಬೇಕು, ಟ್ಯೂನಿಂಗ್ ಸಮಯ ದುಪ್ಪಟ್ಟು. ಪ್ಲೀನಮ್ಮಿನಲ್ಲಿ ಒಂದು ಥ್ರಾಟಲ್, ಒಂದು ಮ್ಯಾಪ್ ಹೋಸ್, ಮುಗಿಯಿತು. ಥ್ರಾಟಲ್ 45ರಿಂದ 50 ಮಿ.ಮೀ. ಸಾಕು. ಅದಕ್ಕಿಂತ ದೊಡ್ಡದಾದರೆ ಕಾಲು ತಾಗಿಸಿದ ಕೂಡಲೇ ಗಾಡಿ ಜಿಗಿಯುತ್ತೆ.

---

ತಾಮ್ರತಂತಿ

ಟ್ರಿಗರ್ (ಎಂಜಿನ್ ವೇಗ, ಕ್ರ್ಯಾಂಕ್ ಸ್ಥಾನ ಇಸಿಯುಗೆ ತಿಳಿಸುವ ಸಿಗ್ನಲ್) ಬಗ್ಗೆಯೂ ಹೇಳಿಬಿಡುತ್ತೇನೆ. 009ರ ಪಾಯಿಂಟ್‌ನಿಂದ ಆರ್‌ಪಿಎಂ ತೆಗೆದರೆ ಪೆಟ್ರೋಲ್ ಮಟ್ಟಿಗೆ ನಡೆಯುತ್ತೆ. ಆದರೆ ಇಗ್ನಿಷನ್ ಇಸಿಯುಗೆ ಕೊಡದಿದ್ದರೆ ಅರ್ಧ ಲಾಭ ಹೋಯಿತು. ಹೊರೆ ನೋಡಿ ಟೈಮಿಂಗ್ ಬದಲಿಸುವುದೇ ಏರ್‌ಕೂಲ್ಡ್ ಹೆಡ್ಡಿಗೆ ದೊಡ್ಡ ಉಪಕಾರ. ಪೂರ್ತಿ ಹೊರೆಯಲ್ಲಿ 28-30 ಡಿಗ್ರಿ ದಾಟಬೇಡಿ, ಹಗುರ ಓಟದಲ್ಲಿ 36ರ ಆಸುಪಾಸು ಕೊಡಬಹುದು.

ಪುಲ್ಲಿಗೆ 36-1 ಹಲ್ಲಿನ ಚಕ್ರ (36ರಲ್ಲಿ ಒಂದು ಹಲ್ಲು ಬಿಟ್ಟದ್ದು) ಹಾಕಿ. ಸೆನ್ಸರ್ ಬ್ರ್ಯಾಕೆಟ್ ಎಂಜಿನ್ ಕೇಸಿಗೆ ಬಿಗಿಯಬೇಕು, ತಗಡಿಗಲ್ಲ. ತಗಡು ನಡುಗಿದರೆ 4500 ಆರ್‌ಪಿಎಂ ಹೊತ್ತಿಗೆ ಸಿಂಕ್ ತಪ್ಪುತ್ತೆ. ಸೆನ್ಸರ್ ಹಲ್ಲಿನ ತುದಿಯನ್ನು ನೋಡುವಂತಿರಲಿ, ಪಕ್ಕದಿಂದ ಬೇಡ. ಕ್ರ್ಯಾಂಕ್ ಹಿಂದೆಮುಂದೆ ಸರಿಯುವ ಆಟ (0.07ರಿಂದ 0.13 ಮಿ.ಮೀ. ಸರಿ, 0.15 ಮಿತಿ) ಆಗ ಅಂತರವನ್ನು ಕೆಡಿಸುವುದಿಲ್ಲ. ಅಂತರ 0.8ರಿಂದ 1 ಮಿ.ಮೀ. ಪುಲ್ಲಿಯ ವುಡ್‌ರಫ್ ಕೀ ಸವೆದಿದ್ದರೆ ಮೊದಲು ಅದನ್ನು ನೋಡಿ. ವಿಆರ್ (ಅಯಸ್ಕಾಂತ-ಸುರುಳಿ ಬಗೆಯ) ಸೆನ್ಸರಿನ ಎರಡು ವೈರ್ ಅದಲುಬದಲಾದರೆ ಗಾಡಿ ಸ್ಟಾರ್ಟ್ ಏನೋ ಆಗುತ್ತೆ, ವೇಗ ಏರಿದಂತೆ ಟೈಮಿಂಗ್ ಜಾರುತ್ತೆ. ಹಾಲ್ ಸೆನ್ಸರಿಗೆ ಈ ಗೊಂದಲ ಕಡಿಮೆ.

ವೇಸ್ಟೆಡ್ ಸ್ಪಾರ್ಕ್ (ಒಂದೇ ಕಾಯಿಲ್ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುವುದು) ಕಾಯಿಲ್ ಜೋಡಿ: 1-3, 4-2. ಕಾಯಿಲ್ ಒಳಗೆ ಇಗ್ನೈಟರ್ (ಕಾಯಿಲ್ ಕರೆಂಟ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹೊರಗೆ ಹಾಕಿ. ರೆಸಿಸ್ಟರ್ ಪ್ಲಗ್ ಕಡ್ಡಾಯ, ಇಲ್ಲದಿದ್ದರೆ ಇಸಿಯು ಸುಮ್ಮನೆ ರೀಸೆಟ್ ಆಗುತ್ತಿರುತ್ತೆ.

---

ಗಂಧಕ911

ನಡುವೆ ಬಾಯಿ ಹಾಕುತ್ತೇನೆ. ಕೆ-ಜೆಟ್ರಾನಿಕ್ (ಸಿಐಎಸ್) ಅನ್ನುವ ಹಳೆ ಮೆಕ್ಯಾನಿಕಲ್ ಇಂಜೆಕ್ಷನ್ ಇರುವ ಪೋರ್ಷೆ 911ಗೆ ಇದೆಲ್ಲ ಅನ್ವಯಿಸುತ್ತಾ?

---

ಪೈಪ್‌ಲೈನ್

ನಿಮಗೆ ಅರ್ಧ ಕೆಲಸ ಆಗಿಯೇ ಇದೆ. ಸಿಐಎಸ್ ಗಾಡಿಯಲ್ಲಿ ಹೆಚ್ಚು ಒತ್ತಡದ ಪಂಪೂ ಇದೆ, ವಾಪಸ್ ಲೈನೂ ಇದೆ, ಆಲ್ಟರ್ನೇಟರೂ ಇದೆ. 3 ಬಾರ್ ರೆಗ್ಯುಲೇಟರ್ ಹಾಕಿ, ಇಂಜೆಕ್ಟರ್ ಕೂರುವ ಜಾಗಕ್ಕೆ ಎಲೆಕ್ಟ್ರಾನಿಕ್ ಇಂಜೆಕ್ಟರಿನ ಹೋಲ್ಡರ್ ಮಾಡಿಸಿದರೆ ಮೂಲ ಮ್ಯಾನಿಫೋಲ್ಡೇ ನಡೆಯುತ್ತೆ. ಆರು ಸಿಲಿಂಡರ್ ಅನ್ನುವುದು ಮರೆಯಬೇಡಿ, ಚಾನೆಲ್ ಎಣಿಸಿ ಇಸಿಯು ತಗೊಳ್ಳಿ. ವಿವರಕ್ಕೆ ಬೇರೆ ಚರ್ಚೆ ತೆರೆಯಿರಿ.

---

ಚಪ್ಪಟೆನಾಲ್ಕು

ಎರಡು ಪ್ರಶ್ನೆ ಉಳಿದಿವೆ. ನೀರೇ ಇಲ್ಲದ ಎಂಜಿನ್‌ಗೆ 'ಕೂಲೆಂಟ್ ಟೆಂಪರೇಚರ್ ಸೆನ್ಸರ್' ಎಲ್ಲಿ ಹಾಕುವುದು? ಮತ್ತೆ, ಕೊನೆಗೂ ಇಸಿಯು ಯಾವುದು?

---

ಲ್ಯಾಂಬ್ಡಾಒಂದು

ಮೊದಲನೆಯದು ಬಹಳ ಜನ ಎಡವುವ ಜಾಗ.

ಆಯಿಲ್‌ನಲ್ಲಿ ಹಾಕಿದರೆ ತೀರಾ ನಿಧಾನ. ಹೆಡ್ ಕಾದು ಹತ್ತು ನಿಮಿಷವಾದರೂ ಆಯಿಲ್ ತಣ್ಣಗೇ ಇದೆ ಅನ್ನುತ್ತೆ, ಅಲ್ಲಿಯ ತನಕ ಎಂಜಿನ್ ರಿಚ್ ಓಡುತ್ತೆ, ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಆಯಿಲ್ ಸೇರುತ್ತೆ. ಹೆಡ್ಡಿನಲ್ಲಿ ಹಾಕಿದರೆ ವೇಗವಾಗಿ ಸ್ಪಂದಿಸುತ್ತೆ, ಕಾರ್ಖಾನೆಯವರೂ ಹೆಡ್ಡಿಗೇ ಹಾಕಿದ್ದರು. ಆದರೆ ಇಸಿಯು ಜೊತೆ ಬರುವ ವಾರ್ಮ್‌ಅಪ್ ಕೋಷ್ಟಕ ನೀರಿನ ಎಂಜಿನ್‌ಗೆ ಬರೆದದ್ದು, 70-80 ಡಿಗ್ರಿಗೆ ಹೆಚ್ಚುವರಿ ಪೆಟ್ರೋಲ್ ನಿಲ್ಲಿಸಿಬಿಡುತ್ತೆ. ಹೆಡ್ ಒಂದೆರಡು ನಿಮಿಷಕ್ಕೇ ಅಲ್ಲಿಗೆ ತಲುಪುತ್ತೆ, ಪೋರ್ಟ್ ಗೋಡೆ ಇನ್ನೂ ತಣ್ಣಗಿರುತ್ತೆ. ಮೊದಲ ತಿರುವಿನಲ್ಲೇ ಎಂಜಿನ್ ಉಸಿರುಗಟ್ಟುತ್ತೆ. ಕೋಷ್ಟಕವನ್ನು ಹಿಗ್ಗಿಸಿ, ಹೆಚ್ಚುವರಿ ಪೆಟ್ರೋಲ್ 120-130 ಡಿಗ್ರಿಯ ತನಕ ಸ್ವಲ್ಪ ಸ್ವಲ್ಪವೇ ಇಳಿಯುವಂತೆ ಮಾಡಿ.

ಮಾಮೂಲಿ ಎನ್‌ಟಿಸಿ (ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುವ) ಸೆನ್ಸರ್ 150ರ ಮೇಲೆ ಅಂಕಿಗಳನ್ನು ಬಿಡಿಸಿ ಹೇಳಲಾರದು. ವಾರ್ಮ್‌ಅಪ್‌ಗೆ ಅದು ಸಾಕು. ಹೆಡ್ ಅತಿ ಕಾಯುತ್ತಿದೆಯೆ ಅಂತ ತಿಳಿಯಲು 3ನೇ ಸಿಲಿಂಡರ್ ಪ್ಲಗ್ ಕೆಳಗೆ ಶಾಖ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಉಂಗುರ, ಬೇರೆ ಮೀಟರ್. ಉಂಗುರ ಹಾಕುವಾಗ ಪ್ಲಗ್‌ನ ಸ್ವಂತ ವಾಷರ್ ತೆಗೆಯಿರಿ, ಎರಡೂ ಇದ್ದರೆ ಪ್ಲಗ್ ಮೇಲೇಳುತ್ತೆ.

ಗುರಿಗಳನ್ನು ಲ್ಯಾಂಬ್ಡಾದಲ್ಲೇ (1 ಅಂದರೆ ಗಾಳಿ-ಪೆಟ್ರೋಲ್ ಸರಿ ಅಳತೆ, ಕಡಿಮೆಯಾದರೆ ರಿಚ್) ಬರೆಯಿರಿ, ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅನ್ನುವ ಲೆಕ್ಕ ಎಥನಾಲ್ ಬೆರೆತ ಪೆಟ್ರೋಲಿಗೆ ಹೊಂದುವುದಿಲ್ಲ. ಹಗುರ ಓಟ 0.95-0.98, ಪೂರ್ತಿ ಹೊರೆ 0.86-0.88, ಐಡ್ಲಿಂಗ್ 0.92ರ ಸುತ್ತ. ನೀರಿನ ಎಂಜಿನ್‌ನವರು ಮೈಲೇಜಿಗಾಗಿ 1.05 ಓಡಿಸುವುದನ್ನು ನೋಡಿ ಆಸೆಪಡಬೇಡಿ.

ಇಸಿಯು: ಎರಡು ಇಂಜೆಕ್ಟರ್ ಚಾನೆಲ್, ಎರಡು ಇಗ್ನಿಷನ್ ಔಟ್‌ಪುಟ್ ನಿಮಗೆ ಸಾಕು, ಮೈಕ್ರೋಸ್ಕ್ವರ್ಟ್ ಅಷ್ಟು ಕೊಡುತ್ತೆ. ಬೆಸುಗೆ ಹಿಡಿಯಲು ಬಂದರೆ ಆರ್ಡುಯಿನೋ ಮೆಗಾ ಮೇಲೆ ಕಟ್ಟಿದ, ತೆರೆದ ವಿನ್ಯಾಸದ ಸ್ಪೀಡುಯಿನೋ ಇದೆ, ನಾಲ್ಕು ಚಾನೆಲ್. ಎರಡಕ್ಕೂ ಟ್ಯೂನರ್‌ಸ್ಟುಡಿಯೋ ಸಾಫ್ಟ್‌ವೇರ್. ಹಾಲ್‌ಟೆಕ್, ಲಿಂಕ್ ಇವುಗಳ ಒಳಗೆ ಕಾವಲು ವ್ಯವಸ್ಥೆ ಚೆನ್ನಾಗಿದೆ, ಆದರೆ ನಿಮ್ಮ ಕೆಲಸಕ್ಕೆ ಹೆಚ್ಚಾಯಿತು. ನಿಮ್ಮ ಗಾಡಿ ಟ್ಯೂನ್ ಮಾಡಿಕೊಡುವವರು ದಿನಾ ಯಾವ ಸಾಫ್ಟ್‌ವೇರ್ ತೆರೆಯುತ್ತಾರೋ ಅದನ್ನೇ ತಗೊಳ್ಳಿ. ಪಾಸ್‌ವರ್ಡ್ ಹಾಕಿ ಮುಚ್ಚಿದ ಟ್ಯೂನಿಂಗ್ ಕೋಷ್ಟಕ ಮಾತ್ರ ಬೇಡ.

---

ಚಪ್ಪಟೆನಾಲ್ಕು

ಪಟ್ಟಿ ಹೀಗಾಯಿತು: ಎಂಡ್ ಕಾಸ್ಟಿಂಗ್, ಪ್ಲೀನಮ್, 48 ಮಿ.ಮೀ. ಥ್ರಾಟಲ್, 190 ಸಿಸಿ ಇಂಜೆಕ್ಟರ್ (14 ಓಮ್), 100 ಲೀಟರ್ ಪಂಪ್, ಪೂರ್ತಿ ಸುತ್ತಿನ ಲೈನ್, 55 ಆಂಪಿಯರ್ ಆಲ್ಟರ್ನೇಟರ್, 36-1, ಮೈಕ್ರೋಸ್ಕ್ವರ್ಟ್. ಗಾಳಿಯ ಟೆಂಪರೇಚರ್ ಸೆನ್ಸರನ್ನು ಪ್ಲೀನಮ್ಮಿಗೆ ತೂತು ಕೊರೆದು ಹಾಕುತ್ತೇನೆ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಏನು ಕ್ರಮ?

---

ಮೂರನೇಸಿಲಿಂಡರ್

ಪ್ಲೀನಮ್ಮಿಗೆ ಕೊರೆಯಬೇಡಿ! ಅಲ್ಯೂಮಿನಿಯಂ ಡಬ್ಬಿ ಎಂಜಿನ್ ಶಾಖ ಹೀರಿ ಸೆನ್ಸರನ್ನೂ ಕಾಯಿಸುತ್ತೆ. ಬಿಸಿ ಎಂಜಿನ್ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಗಾಳಿ 80 ಡಿಗ್ರಿ ಇದೆ ಅಂತ ಇಸಿಯು ನಂಬಿ ಪೆಟ್ರೋಲ್ ಕಡಿಮೆ ಮಾಡುತ್ತೆ. ನಿಜವಾಗಿ ಒಳಗೆ ಬರುತ್ತಿರುವ ಗಾಳಿ 40. ನೀವು ಹೆದರಿದ್ದ ಹತ್ತು ನಿಮಿಷದ ತಕರಾರಿಗೆ ಆವಿಯ ಜೊತೆ ಇದೂ ಕಾರಣ. ತುದಿ ತೆರೆದಿರುವ ಬಗೆಯ ಸೆನ್ಸರ್ ತಗೊಂಡು ಏರ್ ಕ್ಲೀನರ್ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಅಥವಾ ರಬ್ಬರ್ ಭಾಗದಲ್ಲಿ ಕೂರಿಸಿ.

ಕ್ರಮ: ಇಂಜೆಕ್ಟರ್ ಕನೆಕ್ಟರ್ ಕಿತ್ತಿಟ್ಟು ಪಂಪ್ ಮಾತ್ರ ಹತ್ತು ನಿಮಿಷ ಓಡಿಸಿ. ಒತ್ತಡ 3 ಬಾರ್ ನಿಲ್ಲಬೇಕು. ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ಬೆರಳಲ್ಲಿ ಸವರಿ ನೋಡಿ. ಕೀ ಹಾಕಿದಾಗ ಮ್ಯಾಪ್ ಸೆನ್ಸರ್ ಆ ಜಾಗದ ವಾಯುಭಾರವನ್ನೇ ತೋರಿಸಬೇಕು, ಸಮುದ್ರಮಟ್ಟವಾದರೆ ಸುಮಾರು 100. ಥ್ರಾಟಲ್ ಸೆನ್ಸರಿಗೆ ಮುಚ್ಚಿದ ಮತ್ತು ತೆರೆದ ಸ್ಥಾನ ಕಲಿಸಿ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಟೈಮಿಂಗ್ 10 ಡಿಗ್ರಿಗೆ ಬಿಗಿದು, ಪೆಟ್ರೋಲ್ ಇಲ್ಲದೆ ಕ್ರ್ಯಾಂಕ್ ಮಾಡಿ ಟೈಮಿಂಗ್ ಲೈಟ್ ಹಿಡಿಯಿರಿ. ಪುಲ್ಲಿಯ ಗುರುತೂ 10 ತೋರಿಸುವ ತನಕ ಹಲ್ಲಿನ ಕೋನ ತಿದ್ದಿ. ಇದನ್ನು ಬಿಟ್ಟು ಮುಂದೆ ಹೋದವರು ಪೆಟ್ರೋಲ್ ಕೋಷ್ಟಕವನ್ನು ವಾರಗಟ್ಟಲೆ ತಿದ್ದುತ್ತಾ ಕೂರುತ್ತಾರೆ. ಎಲ್ಲ ಸರಿಯಿದ್ದರೆ ಇಂಜೆಕ್ಟರ್ ಸಿಕ್ಕಿಸಿ ಸ್ಟಾರ್ಟ್ ಮಾಡಿ.

---

ಪೈಪ್‌ಲೈನ್

ಸ್ಟಾರ್ಟ್ ಆದ ಮೇಲೆ ಕ್ರ್ಯಾಂಕ್ ಸೆನ್ಸರ್ ಕನೆಕ್ಟರ್ ಒಮ್ಮೆ ಕಿತ್ತು ನೋಡಿ. ಎಂಜಿನ್ ನಿಲ್ಲುತ್ತೆ, ಎರಡು ಸೆಕೆಂಡಿನಲ್ಲಿ ಪಂಪಿನ ಸದ್ದೂ ನಿಲ್ಲಬೇಕು. ನಿಲ್ಲದಿದ್ದರೆ ಪಂಪ್ ರಿಲೇಯನ್ನು ಯಾರೋ ನೇರ ಇಗ್ನಿಷನ್ ಸ್ವಿಚ್‌ಗೆ ಕೊಟ್ಟಿದ್ದಾರೆ. ರಸ್ತೆಗಿಳಿಸುವ ಮೊದಲು ಅದನ್ನು ಬಿಚ್ಚಿ.

---

ಹಳೇಜೆಟ್

ತೆಗೆದಿಟ್ಟ 34 ಪಿಕ್ಟ್-3 ಎಸೆಯಬೇಡಿ. ಒಣಗಿಸಿ, ಬಾಯಿ ಮುಚ್ಚಿ, ಜೆಟ್ ಅಳತೆ ಮೇಲೆ ಬರೆದಿಡಿ. ಮೆಕ್ಯಾನಿಕಲ್ ಪಂಪ್ ತೆಗೆದ ಜಾಗಕ್ಕೆ ಮುಚ್ಚುವ ತಟ್ಟೆ ಹಾಕುವಾಗ ಒಳಗಿನ ತಳ್ಳುಕಡ್ಡಿ ಹೊರತೆಗೆಯುವುದು ಮರೆಯಬೇಡಿ. ಅದು ಒಳಗೇ ಉಳಿದರೆ ಡಿಸ್ಟ್ರಿಬ್ಯೂಟರ್ ಡ್ರೈವ್ ಶಾಫ್ಟಿನ ಉಬ್ಬು ಅದನ್ನು ಕುಟ್ಟಿ ಕುಟ್ಟಿ ತಟ್ಟೆಗೆ ಹೊಡೆಸುತ್ತಿರುತ್ತೆ, ಆ ಸದ್ದು ಕೇಳಿ ಎಲ್ಲರೂ ಇಂಜೆಕ್ಷನ್ ಮೇಲೆ ಅನುಮಾನ ಪಡುತ್ತಾರೆ.